ಲೇಸರ್ ಬಲೆಗೆ ಸಿಕ್ಕ ಜೀವಕೋಶ ಎಷ್ಟು ಬಿಸಿಯಾಗುತ್ತದೆ? ಲೆಕ್ಕ ಹಾಕುವುದು, ಅಳೆಯುವುದು, ತಗ್ಗಿಸುವುದು ಹೇಗೆ

ಹೋದ ಮೇ ತಿಂಗಳಲ್ಲಿ ಕುಮಟಾ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದಳು. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅಂತ ದೊಡ್ಡ ಊರಿನ ಲ್ಯಾಬಿಗೆ ಹೋಗಿದ್ದಾಳೆ, ಆಪ್ಟಿಕಲ್ ಟ್ವೀಜರ್ಸ್‌ನಲ್ಲಿ, ಅಂದರೆ ಲೇಸರ್ ಬೆಳಕಿನ ಬಲೆಯಲ್ಲಿ, ಯೀಸ್ಟ್ ಕೋಶ ಹಿಡಿದು ಕೂರಿಸಿದ್ದಾಳೆ, ಎರಡು ಗಂಟೆ ಕಳೆದರೂ ಕೋಶ ಮೊಗ್ಗು ಬಿಡಲಿಲ್ಲ, ಅಂದರೆ ಮರಿಕೋಶ ಹುಟ್ಟಲಿಲ್ಲ. "ಅಕ್ಕಾ, ಲೇಸರ್ ಬಿಸಿಗೆ ಬೆಂದುಹೋಯ್ತು ಅಂತ ಬರೆದುಬಿಡ್ಲಾ?" ಅಂತ ಕೇಳಿದಳು. ನಾನು ಮೂರೇ ಪ್ರಶ್ನೆ ಕೇಳಿದೆ. ಕೋಶದ ಮೇಲೆ ಎಷ್ಟು ಮಿಲಿವ್ಯಾಟ್ ಬೀಳುತ್ತಿತ್ತು? ಸ್ಲೈಡಿನ ಹತ್ತಿರ ಉಷ್ಣತೆ ಎಷ್ಟಿತ್ತು? ಬಲೆಗೆ ಸಿಗದ ಪಕ್ಕದ ಕೋಶಗಳು ಮೊಗ್ಗು ಬಿಟ್ಟಿದ್ದವಾ? ಮೂರಕ್ಕೂ ಅವಳ ಹತ್ತಿರ ಉತ್ತರ ಇರಲಿಲ್ಲ.

ಅವಳ ತಪ್ಪೇನಿಲ್ಲ. ಈ ಮೂರನ್ನು ಯಾರೂ ಮೊದಲೇ ಕೂತು ಹೇಳಿಕೊಡುವುದಿಲ್ಲ. ಕಾರವಾರ, ಅಂಕೋಲಾ, ಶಿರಸಿ ಕಡೆಯ ಮಕ್ಕಳು ಸಾಗರ ಜೀವಶಾಸ್ತ್ರವನ್ನೋ ಬಯೋಟೆಕ್ನಾಲಜಿಯನ್ನೋ ಓದಿ, ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ, ಮೊದಲ ಸಲ ಲೇಸರ್ ಮುಂದೆ ಕೂರುತ್ತಾರೆ. ಎದುರಿಗೆ ಭೌತಶಾಸ್ತ್ರದವರ ಯಂತ್ರ, ಕೈಯಲ್ಲಿ ಜೀವ ಇರುವ ಕೋಶ. ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಇದೆ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು ಓದಿ.

ಶುರುವಿಗೆ ಮುಂಚೆ

ಬಲೆ ಹೇಗೆ ಕೆಲಸ ಮಾಡುತ್ತದೆ ಅಂತ ಎರಡು ಮಾತು. ಲೇಸರ್ ಕಿರಣವನ್ನು ಒಳ್ಳೆಯ ಆಬ್ಜೆಕ್ಟಿವ್ ಲೆನ್ಸಿನಿಂದ ಒಂದು ಮೈಕ್ರಾನ್ ಅಗಲದ ಚುಕ್ಕೆಗೆ ಹಿಂಡುತ್ತೇವೆ. ಪಾರದರ್ಶಕ ಮಣಿಯೋ ಕೋಶವೋ ಆ ಚುಕ್ಕೆಯ ಹತ್ತಿರ ಬಂದರೆ ಬೆಳಕು ಅದರೊಳಗೆ ಬಾಗುತ್ತದೆ. ಬಾಗುವಾಗ ಬೆಳಕು ಕೋಶವನ್ನು ತಿರುಗಿ ತಳ್ಳುತ್ತದೆ, ಒಟ್ಟು ಪರಿಣಾಮವಾಗಿ ಕೋಶ ಅತಿ ಪ್ರಖರವಾದ ಜಾಗಕ್ಕೆ ಹೋಗಿ ನಿಲ್ಲುತ್ತದೆ. ಬೆಲ್ ಲ್ಯಾಬ್ಸ್‌ನ ಆರ್ಥರ್ ಆಶ್ಕಿನ್ ಮತ್ತು ಜೊತೆಗಾರರು ಒಂದೇ ಕಿರಣದ ಈ ಬಲೆಯನ್ನು 1986ರಲ್ಲಿ ತೋರಿಸಿದರು.

ಮರುವರ್ಷ, 1987ರಲ್ಲಿ, ಅವರು ಬ್ಯಾಕ್ಟೀರಿಯಾ ಹಿಡಿದರು. ಮೊದಲು ಆರ್ಗಾನ್ ಲೇಸರಿನ ಹಸಿರು ಬೆಳಕು, 514.5 ನ್ಯಾನೋಮೀಟರ್. ಬ್ಯಾಕ್ಟೀರಿಯಾ ಸಿಕ್ಕಿತು, ಆದರೆ ಪವರ್ ಏರಿಸಿದರೆ ಸಾಯುತ್ತಿತ್ತು. ಆಮೇಲೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್‌ಗೆ, ಅಂದರೆ 1064 ನ್ಯಾನೋಮೀಟರಿಗೆ ಬದಲಾಯಿಸಿದರು. ಆಗ ಇ. ಕೊಲೈ, ಯೀಸ್ಟ್ ಎರಡೂ ಬಲೆಯೊಳಗೆ ಇದ್ದುಕೊಂಡೇ ಸಂಖ್ಯೆ ಹೆಚ್ಚಿಸಿಕೊಂಡವು. ಆಶ್ಕಿನ್‌ಗೆ 2018ರಲ್ಲಿ ನೊಬೆಲ್ ಬಂತು, ಆಗ ಅವರಿಗೆ 96 ವರ್ಷ. ನನಗೆ ಈ ಕಥೆಯಲ್ಲಿ ಯಾವಾಗಲೂ ಮನಸ್ಸಿಗೆ ತಟ್ಟುವುದು ಆ ಬಣ್ಣ ಬದಲಾಯಿಸಿದ ಹೆಜ್ಜೆ. ಕೋಶ ಬದುಕಿದೆಯಾ ಅಂತ ಅವರು ನೋಡಿದರು, ಅದಕ್ಕೇ ಬಣ್ಣ ಬದಲಾಯಿಸಬೇಕು ಅಂತ ಗೊತ್ತಾಯಿತು.

ಇನ್ನೊಂದು, ಇದು ಕಡ್ಡಾಯ. 1064 ಕಣ್ಣಿಗೆ ಕಾಣುವುದಿಲ್ಲ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚುವುದಿಲ್ಲ, ನೇರ ಅಕ್ಷಿಪಟಲ ಸುಡುತ್ತದೆ. ಆ ತರಂಗಾಂತರಕ್ಕೇ ಮಾಡಿದ ಕನ್ನಡಕ ಹಾಕಿಕೊಳ್ಳಿ, ಉಂಗುರ ಬಳೆ ವಾಚು ತೆಗೆದಿಡಿ. ಅಂಗಡಿಯಲ್ಲಿ ಸಿಗುವ ಅಗ್ಗದ ಹಸಿರು ಲೇಸರ್ ತಂದು ಸೆಟಪ್ ಕಟ್ಟುವವರೂ ಕೇಳಿ: ಅದರ ಒಳಗೆ ಹಸಿರು ಹುಟ್ಟುವುದೇ 808 ಮತ್ತು 1064ರಿಂದ. ಒಳಗಿನ ಫಿಲ್ಟರ್ ಸರಿ ಇಲ್ಲದಿದ್ದರೆ ಆ ಇನ್‌ಫ್ರಾರೆಡ್ ಕೂಡ ಹೊರಗೆ ಸೋರುತ್ತದೆ.

ಹೆಜ್ಜೆ 1: ಬಿಸಿ ಎಲ್ಲಿಂದ ಬರುತ್ತದೆ ಅಂತ ಗುರುತಿಸಿ

ಹೆಚ್ಚಿನವರು ಕೋಶವೇ ಬೆಳಕು ಕುಡಿದು ಬಿಸಿಯಾಗುತ್ತದೆ ಅಂದುಕೊಳ್ಳುತ್ತಾರೆ. ಬಣ್ಣ ಇಲ್ಲದ ಸಾಮಾನ್ಯ ಕೋಶಕ್ಕೆ 1064ರಲ್ಲಿ ಹಾಗಲ್ಲ. ಬೆಳಕು ಹೀರುವುದು ನೀರು. ಕೋಶದ ಹೊರಗಿನ ನೀರು, ಒಳಗಿನ ನೀರು, ಎರಡೂ.

ಎಷ್ಟು ಹೀರುತ್ತದೆ? 1064ರಲ್ಲಿ ಒಂದು ಸೆಂಟಿಮೀಟರ್ ದಪ್ಪದ ನೀರು ಸುಮಾರು ನೂರಕ್ಕೆ 13ರಷ್ಟು ಬೆಳಕು ನುಂಗುತ್ತದೆ. ನಮ್ಮ ಸ್ಲೈಡಿನಲ್ಲಿ ನೀರಿನ ಪದರ ನೂರು ಮೈಕ್ರಾನ್ ದಪ್ಪ ಅಂತಿಟ್ಟುಕೊಳ್ಳಿ. ಆಗ 100 ಮಿಲಿವ್ಯಾಟ್ ಒಳಗೆ ಹೋದರೆ ಸುಮಾರು 0.14 ಮಿಲಿವ್ಯಾಟ್ ಮಾತ್ರ ನೀರಲ್ಲಿ ಉಳಿಯುತ್ತದೆ. ಇಷ್ಟೇನಾ ಅನಿಸುತ್ತದೆ, ಅಲ್ವಾ? ಆದರೆ ಅದರಲ್ಲಿ ಒಂದು ಪಾಲು ಕೂದಲಿಗಿಂತ ಸಣ್ಣ ಜಾಗದಲ್ಲಿ ಬೀಳುತ್ತದೆ. ಒಂದು ಮೈಕ್ರಾನ್ ಚುಕ್ಕೆಯಲ್ಲಿ 100 ಮಿಲಿವ್ಯಾಟ್ ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು ಕೋಟಿ ವ್ಯಾಟ್ ಲೆಕ್ಕ. ಹಾಗಿದ್ದೂ ಕೋಶ ಕುದಿಯದೆ ಉಳಿಯುವುದು ಬಿಸಿ ಅಲ್ಲಿಂದ ತಕ್ಷಣ ಹರಿದುಹೋಗುವುದರಿಂದ. ನೀರಲ್ಲಿ ಬಿಸಿ ಒಂದು ಮೈಕ್ರಾನ್ ದಾಟಲು ಕೆಲವೇ ಮೈಕ್ರೋಸೆಕೆಂಡ್ ಸಾಕು, ಹತ್ತು ಮೈಕ್ರಾನ್‌ಗೆ ಒಂದು ಮಿಲಿಸೆಕೆಂಡೂ ಬೇಡ.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಲೇಸರ್ ಹಾಕಿದ ಕೂಡಲೇ ಕೋಶದ ಸುತ್ತಲಿನ ಬಿಸಿ ತನ್ನ ಮಟ್ಟಕ್ಕೆ ಹೆಚ್ಚುಕಡಿಮೆ ಮುಟ್ಟಿಬಿಡುತ್ತದೆ, ಗಂಟೆಗಟ್ಟಲೆ ಏರುತ್ತಾ ಹೋಗುವುದಿಲ್ಲ. ನಿಮ್ಮ ಸ್ಯಾಂಪಲ್ ನಿಮಿಷಗಳ ಲೆಕ್ಕದಲ್ಲಿ ನಿಧಾನ ಬಿಸಿಯಾಗುತ್ತಿದ್ದರೆ ಅದು ಆಬ್ಜೆಕ್ಟಿವ್, ಸ್ಲೈಡ್ ಕೂರಿಸುವ ಸ್ಟೇಜ್, ಪಕ್ಕದ ದೀಪ ಇವುಗಳ ಕೆಲಸ. ಎರಡು, ಹತ್ತಿರದ ಕೋಶಕ್ಕೂ ಬಿಸಿ ತಲುಪುತ್ತದೆ. ಶಿರಸಿ ಕಡೆ ಆಲೆಮನೆಗೆ ಹೋದವರಿಗೆ ಗೊತ್ತು, ಒಲೆಬಾಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಬೆಂಕಿ ಕಾಣುವುದಿಲ್ಲ, ಝಳ ಮಾತ್ರ ಬಿಡುವುದಿಲ್ಲ. ಇಲ್ಲೂ ಹಾಗೆಯೇ. ಬೆಳಕಿನ ತೀವ್ರತೆ ಚುಕ್ಕೆಯಿಂದ ಆಚೆ ಬೇಗ ಇಳಿಯುತ್ತದೆ, ಬಿಸಿ ನಿಧಾನವಾಗಿ ಇಳಿಯುತ್ತದೆ. ಈ ವ್ಯತ್ಯಾಸ ಮುಂದೆ ತುಂಬ ಉಪಯೋಗಕ್ಕೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಬಣ್ಣ ಇರುವ ಕೋಶದ ಕಥೆ ಬೇರೆ. ಕೆಂಪು ರಕ್ತಕಣದ ಹಿಮೋಗ್ಲೋಬಿನ್ ನೀಲಿ ಹಸಿರು ಬೆಳಕನ್ನು ಗಟ್ಟಿಯಾಗಿ ಹೀರುತ್ತದೆ. ಕಾಳಿ ನದಿಯ ಅಳಿವೆಯಿಂದ ತಂದ ಪಾಚಿಕೋಶದ ಕ್ಲೋರೋಫಿಲ್ ನೀಲಿ ಮತ್ತು ಕೆಂಪನ್ನು ಹೀರುತ್ತದೆ. ಇವನ್ನು ಕಣ್ಣಿಗೆ ಕಾಣುವ ಲೇಸರಿನಲ್ಲಿ ಹಿಡಿಯಲು ಹೋಗಬೇಡಿ. ಚಿನ್ನದ ನ್ಯಾನೋಕಣವನ್ನು ಕೋಶಕ್ಕೆ ಅಂಟಿಸಿ ಹಿಡಿಯುವ ಯೋಚನೆ ಇದ್ದರೆ ಎರಡು ಸಲ ಯೋಚಿಸಿ. 100 ನ್ಯಾನೋಮೀಟರಿನ ಚಿನ್ನದ ಮಣಿ 1064ರಲ್ಲಿ 100 ಮಿಲಿವ್ಯಾಟಿಗೆ ಸುಮಾರು 26 ಡಿಗ್ರಿ ಬಿಸಿಯಾಗುತ್ತದೆ ಅಂತ 2006ರಲ್ಲೇ ಅಳೆದು ತೋರಿಸಿದ್ದಾರೆ. ಸಾಮಾನ್ಯ ಕೋಶ ಅದನ್ನು ತಾಳುವುದು ಕಷ್ಟ.

ಹೆಜ್ಜೆ 2: ಕೋಶದ ಮೇಲೆ ನಿಜಕ್ಕೂ ಬೀಳುವ ಪವರ್ ಅಳೆಯಿರಿ

ಲೇಸರ್ ಪೆಟ್ಟಿಗೆಯ ಡಿಸ್‌ಪ್ಲೇ ತೋರಿಸುವ ಅಂಕಿ ನಿಮ್ಮ ಕೋಶಕ್ಕೆ ಸಂಬಂಧಿಸಿದ್ದಲ್ಲ. ದಾರಿಯಲ್ಲಿ ಕನ್ನಡಿ, ಲೆನ್ಸು, ಬಣ್ಣಕ್ಕೆ ತಕ್ಕಂತೆ ಬೆಳಕು ಬೇರ್ಪಡಿಸುವ ಡೈಕ್ರೋಯಿಕ್, ಎಲ್ಲವೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಕೊನೆಗೆ ಬರುವ, ಗಾಜಿಗೂ ತನಗೂ ನಡುವೆ ಎಣ್ಣೆ ಹಾಕಿ ಬಳಸುವ 100 ಎಕ್ಸ್ ಆಯಿಲ್ ಆಬ್ಜೆಕ್ಟಿವ್ ಕಾಣುವ ಬೆಳಕಿಗೆಂದು ಮಾಡಿದ್ದಾದರೆ 1064ರಲ್ಲಿ ಇನ್ನೂ ಜಾಸ್ತಿ ತಿನ್ನುತ್ತದೆ.

ಪವರ್ ಮೀಟರನ್ನು ಆಬ್ಜೆಕ್ಟಿವ್ ಮುಂದೆ ಹಿಡಿದರೆ ಸಾಕಲ್ವಾ ಅಂತ ಕೇಳಬಹುದು. ಸಾಲದು. ಆಯಿಲ್ ಆಬ್ಜೆಕ್ಟಿವ್‌ನ ಅಂಚಿನ ಕಿರಣಗಳು ಎಷ್ಟು ಓರೆಯಾಗಿರುತ್ತವೆ ಎಂದರೆ ಗಾಜಿನಿಂದ ಗಾಳಿಗೆ ಬರಲಾಗದೆ ಒಳಗೇ ತಿರುಗಿಹೋಗುತ್ತವೆ. ಮೀಟರ್ ನಿಜಕ್ಕಿಂತ ಕಡಿಮೆ ತೋರಿಸುತ್ತದೆ. ಸರಿಯಾದ ದಾರಿ ಎರಡು ಆಬ್ಜೆಕ್ಟಿವ್‌ನದು. ಒಂದೇ ಮಾದರಿಯ ಎರಡು ಆಬ್ಜೆಕ್ಟಿವ್ ಎದುರುಬದುರು ಇಡಿ, ನಡುವೆ ಕವರ್‌ಸ್ಲಿಪ್ ಮತ್ತು ಆಯಿಲ್ ಇರಲಿ, ಒಂದರ ಹಿಂದಿನಿಂದ ಬೆಳಕು ಬಿಟ್ಟು ಇನ್ನೊಂದರ ಹಿಂದೆ ಅಳೆಯಿರಿ. 100 ಮಿಲಿವ್ಯಾಟ್ ಬಿಟ್ಟಾಗ ಆ ಕಡೆ 36 ಬಂದರೆ ಒಟ್ಟು 0.36, ಅದರ ವರ್ಗಮೂಲ 0.6. ಅಂದರೆ ನಿಮ್ಮ ಒಂದು ಆಬ್ಜೆಕ್ಟಿವ್ ನೂರಕ್ಕೆ 60 ದಾಟಿಸುತ್ತದೆ. ಕಿರಣ ಆಬ್ಜೆಕ್ಟಿವ್‌ನ ಹಿಂಬಾಯಿಗಿಂತ ಅಗಲ ಇದ್ದರೆ ಹೊರಗೆ ಚೆಲ್ಲಿದ ಪಾಲನ್ನೂ ಕಳೆಯಿರಿ.

ನಾನು ಓದುವಾಗ ಇದನ್ನು ಮಾಡದೆ ಎರಡು ತಿಂಗಳ ಡೇಟಾ ಕಳೆದುಕೊಂಡೆ. ಲ್ಯಾಬಿನಲ್ಲಿ ಗೋಡೆಗೆ ಅಂಟಿಸಿದ್ದ ಒಂದು ಚೀಟಿಯಲ್ಲಿ ಆಬ್ಜೆಕ್ಟಿವ್ ದಾಟಿಸುವ ಪ್ರಮಾಣ ಬರೆದಿತ್ತು, ಎಲ್ಲರೂ ಅದನ್ನೇ ಬಳಸುತ್ತಿದ್ದರು. ಆ ಆಬ್ಜೆಕ್ಟಿವ್ ಬದಲಾಗಿ ವರ್ಷ ಆಗಿತ್ತು. ಚೀಟಿ ಮಾತ್ರ ಹಾಗೇ ಇತ್ತು.

ನಮ್ಮ ಕರಾವಳಿಯವರಿಗೆ ಇಲ್ಲೇ ಇನ್ನೊಂದು ಕಿವಿಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರದ ತೇವದಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುತ್ತದೆ, ಎಳೆಎಳೆಯಾಗಿ ಜೇಡರ ಬಲೆಯ ಹಾಗೆ. ಬೂಸ್ಟು ಹಿಡಿದ ಲೆನ್ಸು ಬೆಳಕು ಚೆದುರಿಸುತ್ತದೆ, ಚುಕ್ಕೆ ಹರಡುತ್ತದೆ, ಬಲೆ ಸಡಿಲವಾಗುತ್ತದೆ. ಬಲೆ ಸಡಿಲ ಆಯಿತೆಂದು ನೀವು ಪವರ್ ಏರಿಸುತ್ತೀರಿ, ಬಿಸಿ ಏರುತ್ತದೆ. ಆಬ್ಜೆಕ್ಟಿವ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿಡಿ, ಜೆಲ್ ಬಣ್ಣ ತಿರುಗಿದ ಕೂಡಲೇ ಹುರಿದು ಒಣಗಿಸಿ. ಮಳೆಗಾಲ ಮುಗಿದ ಮೇಲೆ ಪವರ್ ಮತ್ತೆ ಅಳೆಯಿರಿ.

ಹೆಜ್ಜೆ 3: ಕಾಗದದ ಮೇಲೆ ಅಂದಾಜು ಹಾಕಿ

ಅಳೆಯುವ ಮುಂಚೆ ಅಂದಾಜು ಕೈಯಲ್ಲಿರಬೇಕು, ಇಲ್ಲದಿದ್ದರೆ ಅಳತೆ ತಪ್ಪಿದ್ದು ಗೊತ್ತಾಗುವುದಿಲ್ಲ. ಸೂತ್ರವನ್ನು ಮಾತಲ್ಲಿ ಹೇಳುತ್ತೇನೆ. ನೀರು ಬೆಳಕು ಹೀರುವ ಗುಣಾಂಕವನ್ನು ಪವರ್‌ನಿಂದ ಗುಣಿಸಿ. ಅದನ್ನು ನೀರಿನ ಉಷ್ಣವಾಹಕತೆಯ ಎರಡು ಪೈ ಪಟ್ಟಿನಿಂದ ಭಾಗಿಸಿ. ಬಂದದ್ದನ್ನು ಒಂದು ನ್ಯಾಚುರಲ್ ಲಾಗರಿದಮ್‌ನಿಂದ ಗುಣಿಸಿ. ಆ ಲಾಗರಿದಮ್ ಒಳಗೆ ಬರುವುದು ಚುಕ್ಕೆಯಿಂದ ಗಾಜಿಗೆ ಇರುವ ದೂರ ಮತ್ತು ತರಂಗಾಂತರದ ಅನುಪಾತ.

1064ರಲ್ಲಿ ಗುಣಾಂಕ ಒಂದು ಮೀಟರಿಗೆ ಸುಮಾರು 14, ನೀರಿನ ಉಷ್ಣವಾಹಕತೆ 0.6, ಪವರ್ 0.1 ವ್ಯಾಟ್. ಗಾಜಿನಿಂದ 10 ಮೈಕ್ರಾನ್ ಒಳಗೆ ಹಿಡಿದರೆ ಏರಿಕೆ ಸುಮಾರು ಒಂದು ಡಿಗ್ರಿ ಬರುತ್ತದೆ. ದೂರ ಎರಡು ಪಟ್ಟು ಮಾಡಿದರೆ ಕಾಲು ಡಿಗ್ರಿ ಸೇರುತ್ತದೆ, ಅಷ್ಟೇ. ಗಾಜು ನೀರಿಗಿಂತ ಚೆನ್ನಾಗಿ ಬಿಸಿ ಎಳೆದುಕೊಳ್ಳುವುದರಿಂದ ಗಾಜಿಗೆ ಹತ್ತಿರ ಇದ್ದಷ್ಟೂ ಕೋಶ ತಣ್ಣಗಿರುತ್ತದೆ.

ಈ ಅಂದಾಜು ಪ್ರಯೋಗಕ್ಕೂ ಹೊಂದುತ್ತದೆ. 1995ರಲ್ಲಿ ಚೀನೀ ಹ್ಯಾಮ್‌ಸ್ಟರ್‌ನ ಅಂಡಾಶಯದ ಕೋಶಗಳನ್ನು 1064ರಲ್ಲಿ ಹಿಡಿದು ಅಳೆದಾಗ 100 ಮಿಲಿವ್ಯಾಟಿಗೆ ಸುಮಾರು 1.15 ಡಿಗ್ರಿ ಏರಿತ್ತು, ಲಿಪೋಸೋಮ್‌ಗಳಲ್ಲಿ, ಅಂದರೆ ಕೊಬ್ಬಿನ ಪೊರೆಯ ಪುಟ್ಟ ಗುಳ್ಳೆಗಳಲ್ಲಿ, 1.45. 2003ರಲ್ಲಿ ನೀರಲ್ಲಿ ಮಣಿ ಹಿಡಿದು ಅಳೆದವರಿಗೆ 100 ಮಿಲಿವ್ಯಾಟಿಗೆ ಸುಮಾರು 0.8 ಡಿಗ್ರಿ ಸಿಕ್ಕಿತು. ಆದ್ದರಿಂದ 1064, ಬಣ್ಣ ಇಲ್ಲದ ಕೋಶ, ನೀರಿನ ಮಾಧ್ಯಮ, ಇಷ್ಟಿದ್ದರೆ 100 ಮಿಲಿವ್ಯಾಟಿಗೆ ಒಂದು ಡಿಗ್ರಿ ಅಂತ ಮನಸ್ಸಲ್ಲಿಟ್ಟುಕೊಳ್ಳಿ. ನಿಮ್ಮ ಅಳತೆಯಲ್ಲಿ ಹತ್ತು ಡಿಗ್ರಿ ಬಂದರೆ ಎಲ್ಲೋ ಬಣ್ಣದ ವಸ್ತುವೋ ಕೊಳೆಯೋ ಸೇರಿಕೊಂಡಿದೆ.

ತರಂಗಾಂತರ ಬದಲಾದರೆ ಅಂಕಿಯೂ ಬದಲಾಗುತ್ತದೆ. 830 ನ್ಯಾನೋಮೀಟರಿನಲ್ಲಿ ನೀರು ಹೀರುವುದು 1064ರ ಸುಮಾರು ಐದನೇ ಒಂದು ಪಾಲು. 980ರಲ್ಲಿ ಮೂರು ಪಟ್ಟಿಗೂ ಹೆಚ್ಚು.

ಹೆಜ್ಜೆ 4: ತಳದ ಉಷ್ಣತೆ (ಲೇಸರ್ ಹಾಕುವ ಮುಂಚಿನದು) ಮರೆಯಬೇಡಿ

ಒಂದು ಡಿಗ್ರಿ ಏರಿದರೆ ಏನು ಮಹಾ ಅನ್ನುವವರಿಗೆ ನನ್ನ ಮರುಪ್ರಶ್ನೆ: ಎಲ್ಲಿಂದ ಏರಿತು? ಕೈಗಾದ ಬಿಸಿನೀರು ಕದ್ರಾ ಜಲಾಶಯಕ್ಕೆ ಸೇರುವ ವಿಷಯ ಬಂದಾಗಲೂ ಸುತ್ತಲಿನ ನೀರು ಎಷ್ಟಿತ್ತು, ಅದರ ಮೇಲೆ ಎಷ್ಟು ಸೇರಿತು ಅಂತ ತಾನೇ ಕೇಳುತ್ತೇವೆ. ಪುಸ್ತಕದ ಪ್ರಯೋಗಗಳು 20ರಿಂದ 25 ಡಿಗ್ರಿಯ ರೂಮಿನಲ್ಲಿ ನಡೆದಿರುತ್ತವೆ. ಕಾರವಾರದಲ್ಲಿ ಮೇ ತಿಂಗಳ ಮಧ್ಯಾಹ್ನ ಕರೆಂಟು ಹೋಗಿ ಏಸಿ ನಿಂತರೆ ರೂಮು 32 ಆಗಲು ಹೆಚ್ಚು ಹೊತ್ತು ಬೇಡ. ಬೇಕರಿ ಯೀಸ್ಟ್ ಖುಷಿಯಾಗಿ ಬೆಳೆಯುವುದು 30ರಲ್ಲಿ. 25ರಿಂದ 37ಕ್ಕೆ ಜಿಗಿಸಿದರೆ ಅದು ಶಾಖದ ಆಘಾತಕ್ಕೆ ಒಳಗಾಗಿ ರಕ್ಷಣೆಯ ಪ್ರೋಟೀನ್ ತಯಾರಿಸಲು ಶುರು ಮಾಡುತ್ತದೆ. 32ರ ರೂಮಿನಲ್ಲಿ 300 ಮಿಲಿವ್ಯಾಟ್ ಹಾಕಿದರೆ 35 ಮುಟ್ಟಿದಿರಿ. 22ರ ರೂಮಿನಲ್ಲಾದರೆ ಅದೇ ಪವರ್‌ಗೆ 25. ಇ. ಕೊಲೈಗೆ 42ರ ಹತ್ತಿರ, ಮನುಷ್ಯನ ಕೋಶಕ್ಕೂ ಹೆಚ್ಚುಕಡಿಮೆ ಅಲ್ಲೇ ಆಘಾತ. ಮನುಷ್ಯನ ಕೋಶವನ್ನು 37ರಲ್ಲೇ ಇಟ್ಟಿರುತ್ತೀರಿ, ಉಳಿದ ಅಂತರ ಐದು ಡಿಗ್ರಿ ಮಾತ್ರ.

ಸಾಯದಿದ್ದರೂ ಪರಿಣಾಮ ಇದೆ. ಕೋಶದ ಎಷ್ಟೋ ಕೆಲಸಗಳ ವೇಗ ಹತ್ತು ಡಿಗ್ರಿಗೆ ಎರಡು ಪಟ್ಟಾಗುತ್ತದೆ. ಆ ಲೆಕ್ಕದಲ್ಲಿ ಎರಡು ಡಿಗ್ರಿ ಏರಿದರೆ ನೂರಕ್ಕೆ 15ರಷ್ಟು ವೇಗ ಹೆಚ್ಚುತ್ತದೆ. ನೀವು ಔಷಧಿಯ ಪರಿಣಾಮ ನೋಡುತ್ತಿದ್ದೀರಿ ಅಂದುಕೊಂಡಿರುತ್ತೀರಿ, ಕಾಣುತ್ತಿರುವುದು ಲೇಸರಿನ ಬಿಸಿ ಆಗಿರಬಹುದು.

ಇಲ್ಲಿ ಮಾಡಬೇಕಾದ್ದು ಇಷ್ಟು. ಉಷ್ಣತೆ ಅಳೆಯುವ ತೆಳುವಾದ ಥರ್ಮೋಕಪಲ್ ತಂತಿಯನ್ನು ಸ್ಲೈಡಿನ ನೀರಿಗೇ ಇಳಿಬಿಟ್ಟು, ಆಬ್ಜೆಕ್ಟಿವ್ ಆಯಿಲ್ ಮೂಲಕ ತಾಗಿರುವಾಗಲೇ, ಲೇಸರ್ ಆಫ್ ಇಟ್ಟು ಓದಿ. ಆಬ್ಜೆಕ್ಟಿವ್ ತಾಗಿರಲೇಬೇಕು. ಅದು ಲೋಹದ ದೊಡ್ಡ ಗಟ್ಟಿ, ಆಯಿಲ್ ಮೂಲಕ ಸ್ಯಾಂಪಲಿನ ಬಿಸಿಯನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಸ್ಟೇಜ್ ಹೀಟರ್ 37 ಅಂತ ತೋರಿಸುತ್ತಿದ್ದರೂ ಕೋಶ ಇರುವ ಜಾಗದಲ್ಲಿ ಅದಕ್ಕಿಂತ ಕಡಿಮೆ ಇರುತ್ತದೆ, ಆಬ್ಜೆಕ್ಟಿವ್‌ಗೂ ಹೀಟರ್ ಪಟ್ಟಿ ಸುತ್ತದಿದ್ದರೆ. ಥರ್ಮೋಕಪಲ್ ಇರುವಾಗ ಲೇಸರ್ ಹಾಕಬೇಡಿ. ತಂತಿಯೇ ಬೆಳಕು ಹೀರಿ ಸುಳ್ಳು ಹೇಳುತ್ತದೆ.

ಹೆಜ್ಜೆ 5: ಬಲೆಯೊಳಗಿನ ಏರಿಕೆಯನ್ನು ನೀವೇ ಅಳೆಯಿರಿ

ಇದಕ್ಕೆ ನನಗೆ ಇಷ್ಟವಾದ ದಾರಿ ಮಣಿಯದು. ಬೇರೆ ಬಣ್ಣ ಬೇಡ, ಬೇರೆ ಯಂತ್ರ ಬೇಡ, ಮಣಿಯ ಅಲುಗಾಟ ನೋಡಲು ಇರುವ ಡಿಟೆಕ್ಟರೇ ಸಾಕು. ಒಂದು ಮೈಕ್ರಾನ್ ವ್ಯಾಸದ ಸಿಲಿಕಾ ಅಥವಾ ಪಾಲಿಸ್ಟೈರೀನ್ ಮಣಿಯನ್ನು ನಿಮ್ಮ ಕೋಶ ಇರುವ ಮಾಧ್ಯಮದಲ್ಲೇ, ಅದೇ ಆಳದಲ್ಲಿ ಹಿಡಿಯಿರಿ. ನೀರಿನ ಅಣುಗಳು ಬಡಿಯುವುದರಿಂದ ಮಣಿ ಬಲೆಯೊಳಗೆ ಬ್ರೌನಿಯನ್ ಕುಣಿತ ಕುಣಿಯುತ್ತಿರುತ್ತದೆ. ಆ ಕುಣಿತದ ಪವರ್ ಸ್ಪೆಕ್ಟ್ರಮ್, ಅಂದರೆ ಯಾವ ವೇಗದ ಅಲುಗಾಟ ಎಷ್ಟಿದೆ ಎಂಬ ಗ್ರಾಫ್, ತೆಗೆದರೆ ಒಂದು ಕಾರ್ನರ್ ಫ್ರೀಕ್ವೆನ್ಸಿ ಸಿಗುತ್ತದೆ, ಅದರಾಚೆ ಅಲುಗಾಟ ಬೇಗ ಇಳಿಯುತ್ತದೆ. ಬಲೆಯ ಬಿಗಿ ಪವರ್‌ಗೆ ತಕ್ಕಂತೆ ಏರುತ್ತದೆ, ಆದ್ದರಿಂದ ಬಿಸಿ ಇಲ್ಲದಿದ್ದರೆ ಪವರ್ ಮತ್ತು ಕಾರ್ನರ್ ಫ್ರೀಕ್ವೆನ್ಸಿಯ ಗ್ರಾಫ್ ನೇರ ಗೆರೆ. ನೀರು ಬಿಸಿಯಾದರೆ ತೆಳುವಾಗುತ್ತದೆ, ಮಣಿಗೆ ಅದು ಒಡ್ಡುವ ತಡೆ ಕಡಿಮೆಯಾಗುತ್ತದೆ, ಗೆರೆ ಮೇಲಕ್ಕೆ ಬಾಗುತ್ತದೆ. ಆ ಬಾಗು ಎಷ್ಟೆಂದು ನೋಡಿದರೆ ಬಿಸಿ ಎಷ್ಟೆಂದು ಸಿಗುತ್ತದೆ.

ನೀರಿನ ಸ್ನಿಗ್ಧತೆ 20 ಡಿಗ್ರಿಯಲ್ಲಿ 1.00 ಮಿಲಿಪಾಸ್ಕಲ್ ಸೆಕೆಂಡ್, 25ರಲ್ಲಿ 0.89, 30ರಲ್ಲಿ 0.80, 37ರಲ್ಲಿ 0.69. ಡಿಗ್ರಿಗೆ ಸುಮಾರು ನೂರಕ್ಕೆ ಎರಡು ಇಳಿಯುತ್ತದೆ. 300 ಮಿಲಿವ್ಯಾಟಿಗೆ ಮೂರು ಡಿಗ್ರಿ ಏರಿದರೆ ಗೆರೆ ನೂರಕ್ಕೆ ಆರರಷ್ಟು ಬಾಗಬೇಕು. ಸಣ್ಣದು, ಆದರೆ ಕಾಣುತ್ತದೆ. ಒಂದೇ ಮಣಿ ಇಟ್ಟುಕೊಂಡು ಪವರ್ ಏರಿಸುತ್ತಾ ಹೋಗಿ, ಮತ್ತೆ ಇಳಿಸುತ್ತಾ ಬನ್ನಿ, ಎರಡೂ ದಾರಿಯಲ್ಲಿ ಒಂದೇ ಅಂಕಿ ಬರಬೇಕು. ಬರದಿದ್ದರೆ ಆಬ್ಜೆಕ್ಟಿವ್ ಬಿಸಿಯಾಗಿ ಫೋಕಸ್ ಸರಿದಿದೆ, ಅರ್ಧ ಗಂಟೆ ಕಾದು ಮತ್ತೆ ಮಾಡಿ. ಮಣಿ ಗಾಜಿಗೆ ತೀರಾ ಹತ್ತಿರ ಇದ್ದರೆ ಗೋಡೆಯೇ ಅದನ್ನು ತಡೆಯುತ್ತದೆ, ಆ ತಿದ್ದುಪಡಿಯನ್ನೂ ಸೇರಿಸಿ. ಶಿರಸಿಯ ಡಿಸೆಂಬರ್ ಬೆಳಗಿನ 16 ಡಿಗ್ರಿಗೂ ಕಾರವಾರದ ಮೇ ಮಧ್ಯಾಹ್ನದ 32ಕ್ಕೂ ನೀರಿನ ಸ್ನಿಗ್ಧತೆಯಲ್ಲೇ ನೂರಕ್ಕೆ ಮೂವತ್ತರಷ್ಟು ವ್ಯತ್ಯಾಸ ಇದೆ. ಉಷ್ಣತೆ ಬರೆದಿಡದೆ ಮಾಡಿದ ಬಲದ ಅಳತೆ ಅಷ್ಟು ತಪ್ಪಬಹುದು.

ಇದಕ್ಕೆ ಚಂದದ ಒಂದು ಪರೀಕ್ಷೆಯೂ ಇದೆ. ಅದೇ ಮಣಿಯನ್ನು ಭಾರಜಲದಲ್ಲಿ ಹಾಕಿ ಮಾಡಿ. ಭಾರಜಲ 1064ರಲ್ಲಿ ಸಾದಾ ನೀರಿಗಿಂತ ತುಂಬ ಕಡಿಮೆ ಹೀರುತ್ತದೆ. ಗೆರೆ ನೆಟ್ಟಗಾದರೆ ನೀವು ನೋಡಿದ ಬಾಗು ನಿಜಕ್ಕೂ ನೀರಿನ ಬಿಸಿಯದು. ಮಣಿಗೆ ಮಾತ್ರ ಇದು, ಭಾರಜಲದಲ್ಲಿ ಕೋಶದ ಬೆಳವಣಿಗೆ ಕುಂಟುತ್ತದೆ.

ಎರಡನೇ ದಾರಿ ಕೊಬ್ಬಿನ ಪೊರೆಯದು. ಡಿಎಂಪಿಸಿ ಎಂಬ ಲಿಪಿಡ್ ಸುಮಾರು 24 ಡಿಗ್ರಿಯಲ್ಲಿ, ಡಿಪಿಪಿಸಿ 41ರಲ್ಲಿ ಗಟ್ಟಿಯಿಂದ ಸಡಿಲಕ್ಕೆ ತಿರುಗುತ್ತವೆ, ಚಳಿಯಲ್ಲಿ ಹೆಪ್ಪಾದ ತೆಂಗಿನೆಣ್ಣೆ ಬಿಸಿಲಿಗೆ ಕರಗಿದ ಹಾಗೆ. ಲಾರ್ಡಾನ್ ಎಂಬ ಬಣ್ಣ ಹಾಕಿದರೆ ಗಟ್ಟಿ ಇದ್ದಾಗ ನೀಲಿ, ಸಡಿಲವಾದಾಗ ಹಸಿರಿನ ಕಡೆ ಹೊಳೆಯುತ್ತದೆ. ಸ್ಟೇಜನ್ನು 22ರಲ್ಲಿ ನಿಲ್ಲಿಸಿ ಡಿಎಂಪಿಸಿ ಲಿಪೋಸೋಮ್ ಹಿಡಿಯಿರಿ, ನಿಧಾನ ಪವರ್ ಏರಿಸಿ. ಯಾವ ಪವರ್‌ಗೆ ಬಣ್ಣ ತಿರುಗಿತೋ ಅಲ್ಲಿ ಎರಡು ಡಿಗ್ರಿ ಏರಿದೆ. ನಮ್ಮೂರಲ್ಲಿ ಇದನ್ನು ಮಾಡುವವರು ಸ್ಟೇಜ್ ತಣ್ಣಗೆ ಮಾಡಲೇಬೇಕು, ಬರೀ ರೂಮಿನ ಬಿಸಿಗೆ ಡಿಎಂಪಿಸಿ ಆಗಲೇ ಸಡಿಲವಾಗಿರುತ್ತದೆ. ತಣ್ಣಗೆ ಮಾಡಿದಾಗ ಕವರ್‌ಸ್ಲಿಪ್ ಮೇಲೆ ಇಬ್ಬನಿ ಕೂರುತ್ತದೆ, ಒಣಗಾಳಿ ಬಿಡಿ.

ರೋಡಮಿನ್ ಬಿ ದಾರಿಯೂ ಇದೆ. ಬಿಸಿ ಏರಿದಂತೆ ಅದರ ಹೊಳಪು ಇಳಿಯುತ್ತದೆ. ಸುಲಭ, ಆದರೆ ಬೆಳಕಿಗೆ ಬಣ್ಣ ಮಾಸಿದರೂ ಹೊಳಪು ಇಳಿಯುತ್ತದೆ, ಜೊತೆಗೆ ಕೋಶದೊಳಗೆ ಮೈಟೋಕಾಂಡ್ರಿಯಾಕ್ಕೆ ಹೋಗಿ ಸೇರಿಕೊಳ್ಳುತ್ತದೆ. ಹೊಸಬರಿಗೆ ನಾನು ಹೇಳುವುದಿಲ್ಲ.

ಹೆಜ್ಜೆ 6: ಬಿಸಿಯಾ, ಬೆಳಕಾ? ಬಿಡಿಸಿ ನೋಡಿ

ಇಡೀ ಬರಹದಲ್ಲಿ ನನಗೆ ಅತಿ ಮುಖ್ಯ ಇದು. ಬಿಸಿ ಕಡಿಮೆ ಅಂತ ಗೊತ್ತಾದ ಮೇಲೂ ಕೋಶ ಸಾಯಬಹುದು. ಬೆಳಕು ಕೋಶದೊಳಗಿನ ಯಾವುದೋ ಅಣುವನ್ನು ಕೆರಳಿಸಿ, ಅದು ಆಮ್ಲಜನಕಕ್ಕೆ ಶಕ್ತಿ ದಾಟಿಸಿ, ಕೆರಳಿದ ಆಮ್ಲಜನಕ ಪೊರೆ ಪ್ರೋಟೀನುಗಳನ್ನು ಕೆಡಿಸುತ್ತದೆ. ಇದಕ್ಕೂ ಬಿಸಿಗೂ ಸಂಬಂಧ ಇಲ್ಲ.

ಸಾಕ್ಷಿ ಬೇಕಾದರೆ 1999ರ ಇ. ಕೊಲೈ ಪ್ರಯೋಗ ನೋಡಿ. ಬ್ಯಾಕ್ಟೀರಿಯಾ ಈಜಲು ಬಳಸುವ ಬಾಲದಂಥ ಕಶಾಂಗವನ್ನು ಗಾಜಿಗೆ ಅಂಟಿಸಿ, ಬ್ಯಾಕ್ಟೀರಿಯಾ ಗಿರಗಿರ ತಿರುಗುವುದು ಯಾವಾಗ ನಿಧಾನವಾಗುತ್ತದೆ ಎಂದು ಬೇರೆ ಬೇರೆ ತರಂಗಾಂತರದಲ್ಲಿ ನೋಡಿದರು. ಹೆಚ್ಚು ಹಾನಿ 870 ಮತ್ತು 930ರಲ್ಲಿ. ಕಡಿಮೆ ಹಾನಿ 830 ಮತ್ತು 970ರಲ್ಲಿ. ಈಗ ಮೂರನೇ ಹೆಜ್ಜೆಗೆ ವಾಪಸ್ ಹೋಗಿ. ನೀರು ಜಾಸ್ತಿ ಹೀರುವುದು, ಅಂದರೆ ಜಾಸ್ತಿ ಬಿಸಿಯಾಗುವುದು, 970ರ ಆಸುಪಾಸಿನಲ್ಲೇ! ಬಿಸಿಯೇ ಕೊಲ್ಲುವುದಾಗಿದ್ದರೆ 970 ಅತಿ ಕೆಟ್ಟದಾಗಬೇಕಿತ್ತು. ಆಮ್ಲಜನಕ ತೆಗೆದುಹಾಕಿದಾಗ ಹಾನಿ ತೀರಾ ಇಳಿಯಿತು ಅಂತಲೂ ಅವರು ಕಂಡರು. ಇದನ್ನು ಮೊದಲ ಸಲ ಓದಿದ ದಿನ ನಾನು ನನ್ನ ಹಳೆಯ ನೋಟ್‌ಬುಕ್ ತೆಗೆದು, "ಬಿಸಿಯಿಂದ ಸತ್ತಿತು" ಅಂತ ಬರೆದ ಕಡೆಯೆಲ್ಲ ಪ್ರಶ್ನೆ ಚಿಹ್ನೆ ಹಾಕಿದೆ.

ಬಿಡಿಸುವುದು ಹೇಗೆ? ನಾಲ್ಕು ಸ್ಲೈಡ್ ಮಾಡಿ. ಮೊದಲನೆಯದರಲ್ಲಿ ಲೇಸರ್ ಇಲ್ಲ, ಬೇರೆ ಎಲ್ಲ ಅದೇ. ಎರಡನೆಯದರಲ್ಲಿ ಕೋಶ ಬಲೆಯಲ್ಲಿ. ಮೂರನೆಯದರಲ್ಲಿ ಲೇಸರ್ ಇಲ್ಲದೆ, ಐದನೇ ಹೆಜ್ಜೆಯಲ್ಲಿ ನಿಮಗೆ ಸಿಕ್ಕಷ್ಟೇ ಏರಿಕೆಯನ್ನು ಸ್ಟೇಜ್ ಹೀಟರ್‌ನಿಂದ ಕೊಡಿ, ಅಷ್ಟೇ ಹೊತ್ತು. ನಾಲ್ಕನೆಯದರಲ್ಲಿ ಬಲೆ ಇದೆ, ಆದರೆ ಮಾಧ್ಯಮಕ್ಕೆ ಗ್ಲೂಕೋಸ್, ಗ್ಲೂಕೋಸ್ ಆಕ್ಸಿಡೇಸ್, ಕ್ಯಾಟಲೇಸ್ ಸೇರಿಸಿ ಆಮ್ಲಜನಕ ತೆಗೆದಿದ್ದೀರಿ. ಎರಡು ಮತ್ತು ಮೂರು ಒಂದೇ ರೀತಿ ನರಳಿದರೆ ಬಿಸಿ. ಎರಡು ನರಳಿ, ಮೂರು ಆರಾಮಾಗಿದ್ದು, ನಾಲ್ಕು ಚೇತರಿಸಿಕೊಂಡರೆ ಬೆಳಕಿನ ರಸಾಯನ. ನಾಲ್ಕನೆಯ ಮಾಧ್ಯಮ ಹೊತ್ತು ಕಳೆದಂತೆ ಹುಳಿಯಾಗುತ್ತದೆ, ಹುಳಿ ಏರದಂತೆ ತಡೆಯುವ ಬಫರ್ ಗಟ್ಟಿ ಇರಲಿ. ಆಮ್ಲಜನಕವೇ ಬೇಕಾದ ಕೋಶಕ್ಕೆ ಈ ಸ್ಲೈಡ್ ಬೇಡ.

ಮೊದಲನೇ ಸ್ಲೈಡ್ ಮಾಡಲು ಬೇಜಾರು ಪಡಬೇಡಿ. ಕುಮಟಾದ ಹುಡುಗಿ ವಾಪಸ್ ಹೋಗಿ ಮೊದಲು ಮಾಡಿದ್ದೇ ಅದು. ಬಲೆಗೆ ಸಿಗದ ಯೀಸ್ಟ್ ಕೂಡ ಮೊಗ್ಗು ಬಿಟ್ಟಿರಲಿಲ್ಲ. ಕೋಶ ತೊಳೆದ ಮೇಲೆ ಸಕ್ಕರೆ ಇಲ್ಲದ ಬಫರಿನಲ್ಲೇ ಬಿಟ್ಟಿದ್ದಳು. ಮಾಧ್ಯಮ ಬದಲಾಯಿಸಿದ ಮೇಲೆ 80 ಮಿಲಿವ್ಯಾಟಿನ ಬಲೆಯೊಳಗೇ ಮೊಗ್ಗು ಕಂಡಿತು.

ಬದುಕಿದೆಯಾ ಅಂತ ನೋಡಲು ಬಣ್ಣ ಹಾಕುವವರು ಪ್ರಯೋಗ ಮುಗಿದ ಮೇಲೆ ಹಾಕಿ. ಯೀಸ್ಟ್‌ಗೆ ಮೆಥಿಲೀನ್ ಬ್ಲೂ, ಬೇರೆ ಕೋಶಕ್ಕೆ ಟ್ರಿಪಾನ್ ಬ್ಲೂ ಅಥವಾ ಪ್ರೊಪಿಡಿಯಂ ಅಯೊಡೈಡ್. ಮೊದಲೇ ಹಾಕಿದರೆ ಬಣ್ಣವೇ ಬೆಳಕು ಹೀರಿ ಹಾನಿ ಮಾಡಬಹುದು. ಬಣ್ಣಕ್ಕಿಂತ ಒಳ್ಳೆಯ ಸಾಕ್ಷಿ ಕೋಶ ಒಡೆದು ಎರಡಾಗುವುದು.

ಹೆಜ್ಜೆ 7: ತಗ್ಗಿಸಿ

ಈಗ ಕಾರಣ ಗೊತ್ತಾಗಿದೆ, ಮದ್ದು ಅದಕ್ಕೆ ತಕ್ಕ ಹಾಗೆ. ಎರಡಕ್ಕೂ ಹೊಂದುವ ಮದ್ದು ಒಂದೇ, ಪವರ್ ಇಳಿಸುವುದು. ಪವರ್ ಇಳಿಸುತ್ತಾ ಬಂದು ಕೋಶ ತಪ್ಪಿಸಿಕೊಳ್ಳುವ ಮಟ್ಟ ಗುರುತಿಸಿ, ಅದರ ಎರಡು ಪಟ್ಟಿನಲ್ಲಿ ಕೆಲಸ ಮಾಡಿ. ಕೋಶ ಹಿಡಿಯಲು ಜಾಸ್ತಿ ಬೇಕು, ಹಿಡಿದಿಟ್ಟುಕೊಳ್ಳಲು ಅಷ್ಟು ಬೇಡ. ನೋಡದೇ ಇರುವ ಹೊತ್ತಲ್ಲಿ ಶಟರ್ ಮುಚ್ಚಿ.

ಬಿಸಿಯೇ ತೊಂದರೆ ಆಗಿದ್ದರೆ 830ರ ಆಸುಪಾಸಿನ ಲೇಸರ್ ಬಳಸಿ, ಗಾಜಿಗೆ ಹತ್ತಿರ ಕೆಲಸ ಮಾಡಿ, ರೂಮಿನ ತಳದ ಉಷ್ಣತೆಯನ್ನೇ ಏರಿಕೆಯಷ್ಟು ಇಳಿಸಿಬಿಡಿ. ಕೋಶಕ್ಕೆ 30 ಬೇಕು, ಲೇಸರ್ ಎರಡು ಕೊಡುತ್ತದೆ ಅಂದರೆ ಸ್ಟೇಜ್ 28ಕ್ಕೆ ಇಡಿ. ಬೆಳಕಿನ ರಸಾಯನ ತೊಂದರೆ ಆಗಿದ್ದರೆ ಕೋಶವನ್ನು ನೇರ ಹಿಡಿಯಬೇಡಿ. ಎರಡು ಮೂರು ಮೈಕ್ರಾನ್ ಮಣಿಯನ್ನು ಕೋಶಕ್ಕೆ ಅಂಟಿಸಿ, ಕೊಡಪಾನದ ಕಂಠ ಹಿಡಿದ ಹಾಗೆ ಮಣಿಯನ್ನೇ ಹಿಡಿಯಿರಿ. ಚುಕ್ಕೆ ಕೋಶದ ಹೊರಗೆ ಉಳಿಯುತ್ತದೆ, ತೀವ್ರ ಬೆಳಕು ಕೋಶಕ್ಕೆ ಬೀಳುವುದಿಲ್ಲ. ಒಲೆಬಾಯಿಯ ಮಾತು ನೆನಪಿದೆಯಲ್ಲ, ಝಳ ಮಾತ್ರ ಇಲ್ಲೂ ತಲುಪುತ್ತದೆ. ಮಣಿ ಹಿಡಿದ ಕೂಡಲೇ ಬಿಸಿ ಹೋಯಿತು ಅಂದುಕೊಳ್ಳಬೇಡಿ.

ಕೊನೆಗೆ ನೋಟ್‌ಬುಕ್ ವಿಷಯ. ಪ್ರತಿ ಕೋಶದ ಎದುರು ಬರೆಯಬೇಕಾದ್ದು: ತರಂಗಾಂತರ, ಕೋಶದ ಮೇಲೆ ಬಿದ್ದ ಪವರ್, ಅದನ್ನು ಅಳೆದ ತಾರೀಕು, ಗಾಜಿನಿಂದ ಆಳ, ಲೇಸರ್ ಆಫ್ ಇದ್ದಾಗ ಸ್ಲೈಡಿನ ಉಷ್ಣತೆ, ಬಲೆಯಲ್ಲಿ ಕಳೆದ ಒಟ್ಟು ನಿಮಿಷ, ಮಾಧ್ಯಮ, ಪಕ್ಕದ ಸ್ವತಂತ್ರ ಕೋಶ ಏನು ಮಾಡುತ್ತಿತ್ತು. ಕರೆಂಟು ಹೋಗಿ ಏಸಿ ನಿಂತಿದ್ದರೆ ಆ ಹೊತ್ತನ್ನೂ ಬರೆಯಿರಿ, ಆ ದಿನದ ಡೇಟಾ ಬೇರೆ ಪುಟದಲ್ಲಿಡಿ.